ಕೆಲಸವೂ ಬೇಕು, ಸಾಲದಿಂದ ಬಿಡುಗಡೆಯೂ ಬೇಕು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಪಟ್ಟಣಗಳ ದುಡಿಯುವ ಕುಟುಂಬಗಳಲ್ಲಿ ಮನವಿ

ನೇಕಾರ ಬಂಧುಗಳೇ, ಗಾರ್ಮೆಂಟ್ಸ್‌ನ ಅಕ್ಕತಂಗಿಯರೇ, ಗುತ್ತಿಗೆ ಕಾರ್ಮಿಕರೇ,

ನಮ್ಮ ಜಿಲ್ಲೆಯಲ್ಲಿ ಕೆಲಸಕ್ಕೆ ಬರವಿಲ್ಲ ಎನ್ನುತ್ತಾರೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಜೊತೆಗೆ ಅಪೆರಲ್ ಪಾರ್ಕ್ ಇದೆ. ನೆಲಮಂಗಲ, ಹೊಸಕೋಟೆಗಳ ಹೆದ್ದಾರಿ ಬದಿಯಲ್ಲಿ ಗೋದಾಮುಗಳು ಸಾಲುಗಟ್ಟಿವೆ. ಆದರೂ ಸಂಬಳ ಬಂದ ವಾರಕ್ಕೇ ಕೈ ಖಾಲಿ. ಬಾಡಿಗೆ, ಕಂತು, ಮಕ್ಕಳ ಫೀಸು ಕಟ್ಟಿದ ಮೇಲೆ ದಿನಸಿ ಅಂಗಡಿಯಲ್ಲಿ ಮತ್ತೆ ಸಾಲ. ದುಡಿದರೂ ಬಡತನ ಬಿಡುತ್ತಿಲ್ಲ ಎಂದಮೇಲೆ ವರ್ಷಕ್ಕೊಂದು ಉದ್ಯೋಗ ಮೇಳ ಮಾಡಿದರೆ ಸಾಲದು. ಒಳ್ಳೆಯ ಕೆಲಸ ಕೊಡಿಸುವುದು, ಸಾಲದಿಂದ ಬಿಡಿಸುವುದು ಎರಡೂ ಒಂದೇ ಕಡೆ, ಒಟ್ಟೊಟ್ಟಿಗೆ ನಡೆಯಬೇಕು.

ಬಡ್ಡಿಯ ಲೆಕ್ಕ ನೋಡಿ

ನೂರಕ್ಕೆ ಐದು ರೂಪಾಯಿ ಬಡ್ಡಿ ಎಂದರೆ ಕಡಿಮೆ ಎನಿಸುತ್ತದೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ 60 ರೂಪಾಯಿ. 50,000 ರೂ. ಸಾಲಕ್ಕೆ ತಿಂಗಳಿಗೆ 2,500 ರೂ. ಬರೀ ಬಡ್ಡಿ. ಇಪ್ಪತ್ತು ತಿಂಗಳಲ್ಲಿ 50,000 ರೂ. ಕಟ್ಟಿ ಮುಗಿಸಿದರೂ ಅಸಲು ಹಾಗೇ ನಿಂತಿರುತ್ತದೆ. ಅದನ್ನು ತೀರಿಸಲು ಸಂಘದ ಸಾಲ, ಸಂಘದ ಕಂತಿಗೆ ಒಡವೆ ಅಡ. ಸಂಬಳ ಸಾವಿರ ಹೆಚ್ಚಿದರೂ ಅದು ಬಡ್ಡಿಗೇ ಹೋಗುತ್ತದೆ.

ನಿಯಮಗಳಿವೆ, ತಿಳಿಸುವವರಿಲ್ಲ

ವರ್ಷಕ್ಕೆ 3 ಲಕ್ಷ ರೂ. ಒಳಗೆ ಆದಾಯವಿರುವ ಕುಟುಂಬಗಳ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆಂದು ಕರೆ ಮಾಡಿ ಪೀಡಿಸುವಂತಿಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ, ವಸೂಲಿಯ ಹೆಸರಲ್ಲಿ ದೌರ್ಜನ್ಯ ಮಾಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ ವಿಧಿಸಿತು. ಇದನ್ನೆಲ್ಲ ನಮ್ಮ ಬೀದಿಗೆ ಬಂದು ಹೇಳಿದವರು ಯಾರು?

ಬಡವರಿಗೆ ಉಳಿತಾಯ ಗೊತ್ತಿಲ್ಲ ಎನ್ನುವವರು 2016ರ ಏಪ್ರಿಲ್ ನೆನೆಯಲಿ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ವಯಸ್ಸಾಗುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೇಂದ್ರ ಸರ್ಕಾರ ನಿಯಮ ವಾಪಸು ಪಡೆಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ; ಹಾಸಿಗೆ ಉದ್ದವಾಗುವ ದಾರಿ ತೋರಿಸಲಿ.

ಮಾದರಿ ನಮ್ಮಲ್ಲೇ ಇದೆ

1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್‌ಗಳ ಜೊತೆಗೂಡಿ ಉಜಿರೆಯಲ್ಲಿ ಸ್ವಂತ ಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಆರಂಭಿಸಿದರು. ಅದರ ಶಾಖೆ ನೆಲಮಂಗಲದ ಅರಿಶಿನಕುಂಟೆಯಲ್ಲಿದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಂತು ವಿಚಾರಿಸುತ್ತಾರೆ. ಸಂಸ್ಥೆಯ ಬಲವೇ ಅದು. ಸ್ವಂತ ಉದ್ಯೋಗ ಹೂಡುವವರಿಗೆ ಸಿಗುವ ಈ ಆಸರೆ ಸಂಬಳಕ್ಕೆ ದುಡಿಯುವವರಿಗೂ ಸಿಗಬೇಕು.

ನಮ್ಮ ಬೇಡಿಕೆಗಳು

1. ನಾಲ್ಕೂ ಪಟ್ಟಣಗಳ ಪೌರಾಡಳಿತ ಕಚೇರಿಗಳಲ್ಲಿ ಉದ್ಯೋಗ ಮತ್ತು ಹಣಕಾಸು ನೆರವು ಕೇಂದ್ರ ತೆರೆಯಬೇಕು. ಶಿಫ್ಟ್ ಮುಗಿಸಿ ಬರುವವರಿಗಾಗಿ ಸಂಜೆ ಹಾಗೂ ಭಾನುವಾರವೂ ಬಾಗಿಲು ತೆರೆದಿರಬೇಕು.

2. ಒಂದು ಕುಟುಂಬಕ್ಕೆ ಒಬ್ಬರೇ ಸಲಹೆಗಾರರು ಎರಡು ವರ್ಷ ಜೊತೆಗಿರಬೇಕು. ಹೆಚ್ಚು ಬಡ್ಡಿಯ ಸಾಲ ಮೊದಲು ತೀರಿಸುವ ಯೋಜನೆಯನ್ನೂ ಹೆಚ್ಚು ಸಂಬಳದ ಕೆಲಸಕ್ಕೆ ಬೇಕಾದ ತರಬೇತಿಯನ್ನೂ ಅವರೇ ನೋಡಿಕೊಳ್ಳಬೇಕು.

3. ಗುತ್ತಿಗೆದಾರರು ಪಿಎಫ್, ಇಎಸ್‌ಐ ಹಣವನ್ನು ಸಂಬಳದಲ್ಲಿ ಹಿಡಿಯುತ್ತಾರೆ; ಅದು ಖಾತೆಗೆ ಸೇರುತ್ತಿದೆಯೇ ಎಂದು ಕೇಂದ್ರದಲ್ಲೇ ಪರಿಶೀಲಿಸಿ ಹೇಳಬೇಕು.

4. ಜಿಲ್ಲೆಯ ಲೀಡ್ ಬ್ಯಾಂಕ್ ಆದ ಕೆನರಾ ಬ್ಯಾಂಕ್ ಇತರ ಬ್ಯಾಂಕುಗಳನ್ನು ಸೇರಿಸಿಕೊಂಡು, ಕೈಸಾಲ ತೀರಿಸಲು ಕಡಿಮೆ ಬಡ್ಡಿಯ ಸಾಲ ಕೊಡಿಸಬೇಕು.

ಇಂದು ರಾತ್ರಿಯೇ ಮನೆಯವರೆಲ್ಲ ಕೂತು ಯಾರಿಗೆ ಎಷ್ಟು ಅಸಲು, ಎಷ್ಟು ಬಡ್ಡಿ, ಯಾವ ದಿನ ಕಂತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಸಾಲ ಮಾಡಿದ್ದೇವೆಂದು ನಾಚಬೇಡಿ. ಈ ಬೇಡಿಕೆಗಳನ್ನು ನಿಮ್ಮ ವಾರ್ಡಿನ ಪ್ರತಿನಿಧಿಯ, ಶಾಸಕರ ಮುಂದಿಡಿ, ಲಿಖಿತ ಉತ್ತರ ಕೇಳಿ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.