ಸಂಸಾರದ ಮಾತು: ಕೇಳದ ಕಿವಿಗೆ ಯಾವ ಭಾಷೆ?

ಕಳೆದ ಸಂಚಿಕೆಯ ನಮ್ಮ ಬರಹವನ್ನು ಓದಿದ ಕೆಲವು ಸೋದರಿಯರು, “ಅಡಿಗೆಮನೆಯ ವಿಚಾರ ಸಾಕು, ನಿಮ್ಮ ಮಗಳನ್ನು ಹೇಗೆ ಬೆಳೆಸುತ್ತಿದ್ದೀರಿ ಬರೆಯಿರಿ” ಎಂದು ಹೇಳಿ ಕಳಿಸಿದ್ದಾರೆ. ದಪ್ಪ ಕನ್ನಡಕ ಹಾಕಿಕೊಂಡು, ಎರಡು ಕಿವಿಗೂ ಶ್ರವಣಯಂತ್ರ ಸಿಕ್ಕಿಸಿಕೊಂಡು ಸಂಘದ ಕೂಟಗಳಲ್ಲಿ ಓಡಾಡುವ ಆರು ವರುಷದ ಹುಡುಗಿಯನ್ನು ಬಹುಮಂದಿ ಬಲ್ಲರು. ಕೇಳಲು ಸಂಕೋಚಪಟ್ಟವರಿಗೂ ಉತ್ತರವಾಗಲೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಮಗುವಿಗೆ ಬಂದದ್ದು ಯಾರ ಶಾಪವೂ ಅಲ್ಲ, ಗ್ರಹಣ ನೋಡಿದ ಫಲವೂ ಅಲ್ಲ; ರುಬೆಲ್ಲಾ ಎಂಬ ವೈರಾಣುವಿನ ಕೆಲಸ. ದಡಾರದಂತೆ ಕಂಡರೂ ಅದಕ್ಕಿಂತ ಸೌಮ್ಯವಾದ ಬೇನೆ. ಕೆಂಪು ದದ್ದು ಎದ್ದು, ಎರಡು ಮೂರು ದಿನಗಳಲ್ಲಿ ಇಳಿದುಹೋಗುತ್ತದೆ. ಮಗುವಿನ ತಾಯಿಗೆ ಬಸಿರಿನ ಎರಡನೆಯ ತಿಂಗಳಲ್ಲಿ ಬಂದಾಗ, ನೋಡಿದ ವೈದ್ಯರು ಸೆಕೆಯ ದದ್ದೆಂದು ಮುಲಾಮು ಬರೆದುಕೊಟ್ಟರು. ಆದರೆ ಬಸಿರಿನ ಆದಿಯಲ್ಲಿ ಈ ಸೋಂಕು ತಗುಲಿದರೆ, 100ಕ್ಕೆ 90ರವರೆಗೂ ಅದು ಗರ್ಭದ ಶಿಶುವನ್ನು ಮುಟ್ಟಬಹುದು. ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಅದರ ಮುಖ್ಯ ಗುರುತುಗಳು. 1941ರಲ್ಲಿ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್, ಹುಟ್ಟಿನಿಂದಲೇ ಪೊರೆಯಿದ್ದ 78 ಶಿಶುಗಳ ವಿವರ ಕಲೆಹಾಕಿ, ಬಹುಪಾಲು ತಾಯಂದಿರಿಗೆ ಬಸಿರಿನಲ್ಲಿ ಈ ಬೇನೆ ಬಂದಿತ್ತೆಂದು ತೋರಿಸಿಕೊಟ್ಟರು. ಅಲ್ಲಿಯವರೆಗೆ ಇದನ್ನು ಲೋಕ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಎರಡು ತಿಂಗಳು ತುಂಬುವ ಮೊದಲೇ ಮಗುವಿನ ಪೊರೆ ತೆಗೆಸಿದೆವು. ಕಣ್ಣಿಗೆ ಬೆಳಕು ಬೀಳದಿದ್ದರೆ ಮಿದುಳು ನೋಡುವುದನ್ನು ಕಲಿಯದಾದ್ದರಿಂದ, ಇಲ್ಲಿ ಕಾಯುವಂತಿಲ್ಲ. ಇಂಥ ಶಿಶು ಒಂದು ವರುಷದವರೆಗೂ ವೈರಾಣುವನ್ನು ಹೊರಹಾಕಬಹುದು. ಆದ್ದರಿಂದ ಬಸುರಿಯರು ಹತ್ತಿರ ಬರಬಾರದು. ನೆರೆಮನೆಯ ಸೊಸೆ ಆಗ ಬಸುರಿ. ಆಕೆಯನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಬೇಕಾಯಿತು. ಪುಣ್ಯಾತ್ಮೆ ಬೇಸರಿಸದೆ, ಹೊಸಿಲ ಹೊರಗೇ ಊಟದ ಡಬ್ಬಿ ಇಟ್ಟು ಹೋಗುತ್ತಿದ್ದಳು.

ಕಿವಿಯ ದೋಷ ಕಣ್ಣಿನದರಂತೆ ಹೊರಗೆ ಕಾಣುವುದಿಲ್ಲ. ಮಗು ನಿದ್ರಿಸುವಾಗ ತಲೆಗೆ ತಂತಿ ಹಚ್ಚಿ ನೋಡುವ ಪರೀಕ್ಷೆಯಿಂದ ಅದು ತಿಳಿಯುತ್ತದೆ. ಮೊದಲ ಪರೀಕ್ಷೆ ಸರಿಬಂದರೂ ಕಿವುಡು ಆಮೇಲೆ ತಲೆದೋರುವುದುಂಟು, ಆದ್ದರಿಂದ ಮತ್ತೆ ಮತ್ತೆ ಮಾಡಿಸಬೇಕು. ನಮ್ಮ ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ, ಊರ ಕಡೆಯವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆ ಹೆಸರಾದವು.

ಶ್ರವಣಯಂತ್ರವೇನೋ ಬಂತು. ಅದರ ಜೊತೆಗೆ ಒಬ್ಬ ಸಲಹೆಗಾರರ ಮಾತೂ ಬಂತು: “ಮನೆಯಲ್ಲಿ ಒಂದೇ ಭಾಷೆ ಇರಲಿ. ಕನ್ನಡ ಬಿಟ್ಟುಬಿಡಿ, ಈ ಊರಿನ ಶಾಲೆಗೆ ಅದು ಉಪಯೋಗವಿಲ್ಲ.”

ನಾವು ಗಂಡಹೆಂಡಿರು ಎರಡು ರಾತ್ರಿ ಯೋಚಿಸಿದೆವು. ನಮ್ಮ ಹಿಂದಿ ಭಾಜಿ ಮಾರುಕಟ್ಟೆಯ ಹಿಂದಿ. ಇಂಗ್ಲಿಷೋ, ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂಬ ಕಚೇರಿಯ ಇಂಗ್ಲಿಷು. ಅದರಲ್ಲಿ ರಜೆಯ ಅರ್ಜಿ ಬರೆಯಬಹುದು. ಅಳುವ ಮಗುವನ್ನು ರಮಿಸಲಾದೀತೆ? ಗದರಿ, ಕೂಡಲೇ ಮುದ್ದಿಸಲಾದೀತೆ? ಕಿವಿ ಮಂದವಾದ ಮಗುವಿಗೆ ಉಳಿದ ಮಕ್ಕಳಿಗಿಂತ ಹೆಚ್ಚು ಮಾತು ಬೇಕು, ದಿನವೆಲ್ಲ ಬೇಕು. ನಮ್ಮಲ್ಲಿ ಅಷ್ಟು ದಾಸ್ತಾನಿರುವುದು ಕನ್ನಡ ಒಂದೇ. ಅದನ್ನೇ ಹಿಡಿದೆವು. ಆಮೇಲೆ ಮಾತು ಕಲಿಸಲು ಬಂದ ತಜ್ಞೆಯೂ ಅದನ್ನೇ ಒಪ್ಪಿದರು: ತಂದೆತಾಯಿಗೆ ಸಲೀಸಾದ ಭಾಷೆ ಗಟ್ಟಿಯಾದರೆ, ಅದರ ಮೇಲೆ ಇನ್ನೊಂದು ನಿಲ್ಲುತ್ತದೆ. ಯಂತ್ರದಿಂದ ಸಾಲದ ಮಕ್ಕಳಿಗೆ ಶಸ್ತ್ರಕ್ರಿಯೆಯ ಮೂಲಕ ಒಳಗಿವಿಗೆ ಕೂಡಿಸುವ ಉಪಕರಣವುಂಟು, ಸಂಜ್ಞಾಭಾಷೆಯೂ ಉಂಟು. ಸಂಜ್ಞೆಯೂ ಪೂರ್ಣವಾದ ಭಾಷೆಯೇ. ಅದನ್ನು ಕೀಳೆಂದು ಯಾರೂ ತಿಳಿಯಬಾರದು.

ಊರಿಂದ ಅಜ್ಜಿಯನ್ನು ಕರೆಸಿಕೊಂಡೆವು. ಆಕೆ ಬಾಯಿ ಮುಚ್ಚುವವರಲ್ಲ. ಹಿಂದೆ ಅದು ನಮಗೆ ಕಷ್ಟವೆನಿಸುತ್ತಿತ್ತು, ಈಗ ಅದೇ ಔಷಧವಾಯಿತು. ಬದನೆಕಾಯಿ ಹೆಚ್ಚುವಾಗ, ಜಡೆ ಹೆಣೆಯುವಾಗ, ಮುಖ ಕಾಣುವಂತೆ ಎದುರು ಕುಳಿತು ಮಾತೇ ಮಾತು. ಮಾತಾಡುವಾಗ ಮಿಕ್ಸರು, ಟಿ.ವಿ. ಬಂದ್. ಮುಂಬಯಿಯ ಮಳೆಗಾಲದಲ್ಲಿ ಯಂತ್ರಕ್ಕೆ ಪಸೆ ತಾಗುವುದರಿಂದ, ರಾತ್ರಿ ತೇವ ಹೀರುವ ಹರಳಿನ ಡಬ್ಬಿಯಲ್ಲಿ ಅದರ ವಾಸ. ‘ಸ’ಕಾರದಂಥ ಸಣ್ಣ ದನಿ ಈ ಮಕ್ಕಳಿಗೆ ಬೇಗ ಕೇಳಿಸದು. ಬಹುಕಾಲ ನಮ್ಮವಳ ಬಾಯಲ್ಲಿ ಸಕ್ಕರೆ ‘ಅಕ್ಕರೆ’ಯಾಗಿತ್ತು. “ಹಾಲಿಗೆ ಅಕ್ಕರೆ ಹಾಕು” ಎಂದರೆ ಅಜ್ಜಿ ಒಂದು ಚಮಚ ಹೆಚ್ಚೇ ಹಾಕುತ್ತಿದ್ದರು. ಈಗ ‘ಸ’ ಬಂದಿದೆ, ಸಕ್ಕರೆ ಕಡಿಮೆಯಾಗಿದೆ.

ನಮ್ಮಂಥ ಗುಮಾಸ್ತೆ ಬಂಧುಗಳಿಗೆ ಒಂದು ಸೂಚನೆ. ಅಂಗವಿಕಲ ಮಗುವಿನ ಆರೈಕೆಯ ಹೊಣೆ ಹೊತ್ತ ಕೇಂದ್ರ ಸರಕಾರಿ ನೌಕರರಿಗೆ, ಆಡಳಿತದ ಅನುಕೂಲಕ್ಕೊಳಪಟ್ಟು, ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ನೀಡುವ ಆದೇಶ 2014ರಲ್ಲಿ ಬಂದಿದೆ. ಬಾಯಿಮಾತಿನಲ್ಲಿ ಕೇಳಬೇಡಿ, ಪ್ರಮಾಣಪತ್ರ ಲಗತ್ತಿಸಿ ಬರಹದಲ್ಲಿ ಕೇಳಿರಿ.

ಹುಟ್ಟಿಬಂದ ಈ ದೋಷವನ್ನು ಅಳಿಸುವ ಮದ್ದಿಲ್ಲ, ಆದರೆ ಬಾರದಂತೆ ತಡೆಯುವ ಲಸಿಕೆಯುಂಟು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವೆಡೆ, 9 ತಿಂಗಳಿನಿಂದ 15 ವರುಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಕಾರ್ಯ ಮೊದಲಾಯಿತು. ಆಗಲೇ ಆ ವಯಸ್ಸು ದಾಟಿದ್ದ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ. ಮದುವೆಗೆ ಮುನ್ನ ಜಾತಕದೊಡನೆ ಲಸಿಕೆಯ ಚೀಟಿಯನ್ನೂ ನೋಡಿರಿ. ಇಲ್ಲವಾದರೆ ವೈದ್ಯರನ್ನು ಕೇಳಿ ಹಾಕಿಸಿರಿ. ಬಸಿರಾದ ಮೇಲೆ ಹಾಕಿಸುವಂತಿಲ್ಲ. ಹಾಕಿಸಿಕೊಂಡ ಬಳಿಕವೂ ಒಂದು ತಿಂಗಳು ತಡೆಯಬೇಕು.

ಕೊನೆಗೆ ಸಂಘದ ಬಂಧುಗಳಲ್ಲಿ ಒಂದು ಅರಿಕೆ. ಹೊರನಾಡಿನಲ್ಲಿ ನಮ್ಮ ಮಗುವಿಗೆ ಕನ್ನಡ ಕೇಳಿಸುವ ದನಿಗಳು ಮನೆಯ ಮೂರು, ಇಲ್ಲವಾದರೆ ನಿಮ್ಮವು. ಕೂಟಕ್ಕೆ ಬಂದಾಗ “ಪಾಪ” ಎಂದು ನಮ್ಮೊಡನೆ ನುಡಿಯುವ ಬದಲು ಅವಳೊಡನೆ ನುಡಿಯಿರಿ. ಕೂಗಬೇಕಾಗಿಲ್ಲ, ಎದುರು ನಿಂತು, ನಿಧಾನವಾಗಿ, ನಿಮ್ಮೂರಿನ ಕನ್ನಡದಲ್ಲೇ ಆಡಿರಿ. ಉತ್ತರ ತುಸು ತಡವಾದೀತು, ಕಾಯಿರಿ. ಒಮ್ಮೆ ಮೊದಲಿಟ್ಟಳೆಂದರೆ, ಬಿಡಿಸಿಕೊಂಡು ಹೋಗುವುದು ನಿಮಗೇ ಕಷ್ಟವಾದೀತು.