ಮಕ್ಕಳ ಕ್ರಿಕೆಟ್‌ಗೆ ಪಿಚ್ ಹಾಗೂ ಮೀಸಲು ವೇಳೆ ಒದಗಿಸಲು ಕೋರಿ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬಳ್ಳಾರಿ ಜಿಲ್ಲೆ, ಬಳ್ಳಾರಿ.

ಇಂದ,
ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡಿನ ಸ್ವಯಂಸೇವಾ ಕ್ರಿಕೆಟ್ ಕ್ಲಬ್‌ಗಳ ಕಿರಿಯರ ವಿಭಾಗದ ಪರವಾಗಿ.

ವಿಷಯ: ಬಳ್ಳಾರಿಯಲ್ಲಿ ಟರ್ಫ್ ಪಿಚ್, ಸಿರುಗುಪ್ಪ ಮತ್ತು ಕುರುಗೋಡಿನಲ್ಲಿ ಮ್ಯಾಟ್ ಪಿಚ್ ನಿರ್ಮಿಸಿ, ಮಕ್ಕಳ ಅಭ್ಯಾಸಕ್ಕೆ ಲಿಖಿತ ವೇಳಾಪಟ್ಟಿ ಗೊತ್ತುಪಡಿಸುವ ಬಗ್ಗೆ.

ಮಾನ್ಯರೆ,

ನಮ್ಮ ಮೂರೂ ಊರುಗಳಲ್ಲಿ ಮಕ್ಕಳ ಕ್ರಿಕೆಟ್ ಇವತ್ತು ನಡೆಯುತ್ತಿರುವುದು ಸಂಬಳವಿಲ್ಲದೆ ದುಡಿಯುವವರಿಂದ. ಬೆಳಿಗ್ಗೆ ಮೈದಾನಕ್ಕೆ ಬಂದು ಮ್ಯಾಟ್ ಹಾಸಿ, ಮೊಳೆ ಹೊಡೆದು, ಮಕ್ಕಳಿಗೆ ಚೆಂಡು ಎಸೆದು, ಆಮೇಲೆ ತಮ್ಮ ತಮ್ಮ ಕೆಲಸಕ್ಕೆ ಓಡುವ ಶಿಕ್ಷಕರು, ಅಂಗಡಿಯವರು, ಗುಮಾಸ್ತರು, ಹಳೆಯ ಆಟಗಾರರು ಇದನ್ನು ಹೊತ್ತು ನಡೆಸುತ್ತಿದ್ದಾರೆ. ಇವರಿಗೆ ಗೌರವಧನ ಕೊಡಿ ಎಂದು ನಾವು ಕೇಳುತ್ತಿಲ್ಲ. ನಾವು ಕೇಳುತ್ತಿರುವುದು ಎರಡೇ: ಆಡಲು ಸರಿಯಾದ ಪಿಚ್, ಅದರ ಮೇಲೆ ಮಕ್ಕಳಿಗೇ ಮೀಸಲಾದ ವೇಳೆ. ಬ್ಯಾಟು, ಪ್ಯಾಡು, ಚೆಂಡುಗಳ ಕೊರತೆಯನ್ನು ಊರಿನವರು ಚಂದಾ ಎತ್ತಿಯಾದರೂ ತುಂಬುತ್ತಾರೆ. ಸಾರ್ವಜನಿಕ ಮೈದಾನದ ಮೇಲಿನ ಹಕ್ಕನ್ನು ಚಂದಾ ಎತ್ತಿ ತರಲು ಬರುವುದಿಲ್ಲ.

ಪಿಚ್ ಯಾವುದಾದರೇನು ಎಂಬ ಮಾತು ಆಟ ಬಲ್ಲವರ ಬಾಯಲ್ಲಿ ಬರುವುದಿಲ್ಲ. ಮ್ಯಾಟ್ ಮೇಲೆ ಚೆಂಡು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಪುಟಿಯುತ್ತದೆ. ಹುಡುಗ ಹಿಂಗಾಲಿನ ಮೇಲೆ ನಿಂತು ಅಡ್ಡ ಬ್ಯಾಟು ಬೀಸಿದರೂ ರನ್ ಬರುತ್ತದೆ. ಸ್ಪಿನ್ನರ್‌ನ ಬೆರಳು ಸರಿಯಾಗಿ ದುಡಿಯದಿದ್ದರೂ ಮ್ಯಾಟೇ ಚೆಂಡನ್ನು ತಿರುಗಿಸಿಕೊಡುತ್ತದೆ. ಟರ್ಫ್ ಮೇಲೆ ಹಾಗಲ್ಲ. ಅದೇ ಲೆಂತ್‌ನಲ್ಲಿ ಬಿದ್ದ ಒಂದು ಚೆಂಡು ಸೀಮ್ ಹಿಡಿದು ಹೊರಗೆ ಹೋದರೆ, ಇನ್ನೊಂದು ನೆಲಕಚ್ಚಿ ನೇರ ಪ್ಯಾಡಿಗೆ ಬಂದು ಬಡಿಯುತ್ತದೆ. ಮುಂಗಾಲು ಚಾಚಿ, ಚೆಂಡನ್ನು ಕೊನೆಯವರೆಗೆ ನೋಡಿ ಆಡುವ ಅಭ್ಯಾಸ ಇಂಥ ನೆಲದ ಮೇಲೇ ಬರಬೇಕು. ರಾಜ್ಯಮಟ್ಟದ ಪಂದ್ಯ ಟರ್ಫ್ ಮೇಲೆ ನಡೆಯುವಾಗ, ಮ್ಯಾಟ್ ಮೇಲೆ ಬೆಳೆದ ನಮ್ಮ ಮಕ್ಕಳು ಆಯ್ಕೆಗಾರರ ಎದುರಿಗೇ ಹೊಸ ನೆಲದ ಪಾಠ ಕಲಿಯಬೇಕಾಗುತ್ತದೆ. ಕಾಯುವುದಕ್ಕೂ ಆಗದು. ವಿಜಯ್ ಮರ್ಚೆಂಟ್ ಟ್ರೋಫಿ 16 ವರ್ಷದೊಳಗಿನವರಿಗೆ, ಕೂಚ್ ಬೆಹಾರ್ ಟ್ರೋಫಿ 19 ವರ್ಷದೊಳಗಿನವರಿಗೆ. ಹದಿನಾಲ್ಕರಲ್ಲಿ ಸಿಗಬೇಕಾದ ಪಿಚ್ ಹದಿನೇಳರಲ್ಲಿ ಸಿಕ್ಕರೆ ಆ ಮಗುವಿನ ಮಟ್ಟಿಗೆ ಒಂದು ಬಾಗಿಲು ಮುಚ್ಚಿಹೋಗಿರುತ್ತದೆ.

ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬರುತ್ತಾರೆ ಎಂದು ಹೇಳುವವರು ಗದಗಿನ ಸುನಿಲ್ ಜೋಶಿಯವರನ್ನು ಉದಾಹರಿಸುತ್ತಾರೆ. ಅವರು ಬೆಳಗಿನ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಹೋಗಿ ಶಾಲೆಯ ಹೊತ್ತಿಗೆ ಮರಳುತ್ತಿದ್ದವರು. ಭಾರತಕ್ಕೆ 15 ಟೆಸ್ಟ್ ಆಡಿದರು. ಆದರೆ ಈ ಉದಾಹರಣೆ ನಮ್ಮ ವಾದವನ್ನೇ ಗಟ್ಟಿ ಮಾಡುತ್ತದೆ: ಹುಬ್ಬಳ್ಳಿಯಲ್ಲಿ ಆಡಲು ಜಾಗ ಇತ್ತು. ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿ.ಮೀ.ಗೂ ಹೆಚ್ಚು. ಅಷ್ಟು ದೂರ ಬಂದ ಮಗುವಿಗೆ ಇಲ್ಲೂ ಖಾತರಿಯ ಪಿಚ್ ಇಲ್ಲವೆಂದರೆ ಬಸ್ಸು ಹತ್ತಿಸಿ ಪ್ರಯೋಜನವೇನು? ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದರು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಎಲ್ಲಿಯವರೆಗೆ ಹೋಗಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಹೆಣ್ಣುಮಕ್ಕಳಿಗಾದರೋ, ಹಿರಿಯ ಹುಡುಗರ ಟೆನಿಸ್ ಬಾಲ್ ಪಂದ್ಯ ಮುಗಿದ ಮೇಲೆ ಮೂಲೆಯಲ್ಲಿ ಉಳಿದ ಜಾಗವೇ ಗತಿ.

ವೇಳೆಯ ವಿಚಾರ ಇನ್ನೂ ಕಷ್ಟದ್ದು. ಸಭೆ, ಸಮಾವೇಶ, ವಸ್ತುಪ್ರದರ್ಶನಗಳಿಗೆ ಊರಿನಲ್ಲಿ ದೊಡ್ಡ ಬಯಲು ಬೇಕು, ಒಪ್ಪುತ್ತೇವೆ. ಕಾರ್ಯಕ್ರಮ ಒಂದು ದಿನದ್ದಾದರೂ ಮೈದಾನ ಅದರ ಪೆಟ್ಟು ತಿನ್ನುವುದು ವಾರಗಟ್ಟಲೆ. ಶಾಮಿಯಾನದ ಗೂಟ ಕಿತ್ತ ಗುಂಡಿಗಳು ಹಾಗೇ ಉಳಿಯುತ್ತವೆ, ಎರೆಮಣ್ಣಿನಲ್ಲಿ ಲಾರಿ ಚಕ್ರದ ಗೆರೆ ಒಣಗಿ ಕಲ್ಲಾಗುತ್ತದೆ. ಆ ಗೆರೆಗೆ ಬಡಿದ ಚೆಂಡು ಫೀಲ್ಡ್ ಮಾಡುವ ಮಗುವಿನ ಮುಖಕ್ಕೆ ಏಳುತ್ತದೆ. 13 ವರ್ಷದೊಳಗಿನವರ ಚೆಂಡು ಕೂಡ 133 ಗ್ರಾಂಗಿಂತ ಕಡಿಮೆ ಇರುವುದಿಲ್ಲ. ಕಾರ್ಯಕ್ರಮ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಪಿಚ್ ಇರುವ ಭಾಗಕ್ಕೆ ಬೇಲಿ ಹಾಕಿ ಅದನ್ನು ಬಾಡಿಗೆಯಿಂದ ಹೊರಗಿಡಿ. ಉಳಿದ ಭಾಗಕ್ಕೆ ಠೇವಣಿ ಪಡೆಯಿರಿ. ಗುಂಡಿ ಮುಚ್ಚಿ, ರೋಲರ್ ಹೊಡೆಸಿದ ಮೇಲಷ್ಟೇ ಅದನ್ನು ಹಿಂತಿರುಗಿಸಿ.

ಕ್ರಿಕೆಟ್ ಶ್ರೀಮಂತರ ಆಟ, ಮಂಡಳಿಗಳ ಬಳಿ ಕೋಟಿಗಟ್ಟಲೆ ಹಣವಿದೆ, ಸರ್ಕಾರ ಯಾಕೆ ಖರ್ಚು ಮಾಡಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ಹಣ ನಮ್ಮ ಭಾಗಕ್ಕೆ ಬರಲೆಂದು ಸಂಬಂಧಪಟ್ಟವರನ್ನು ನಾವೂ ಒತ್ತಾಯಿಸುತ್ತೇವೆ. ಆದರೆ ಮೈದಾನ ಸರ್ಕಾರದ್ದು. ಮಾಲೀಕರ ಅನುಮತಿ ಇಲ್ಲದೆ ಯಾವ ಸಂಸ್ಥೆಯೂ ಅಲ್ಲಿ ಒಂದು ಬುಟ್ಟಿ ಮಣ್ಣು ಹಾಕಲಾಗದು. ವೃತ್ತಿಪರ ತಂಡವಾದ ಬಳ್ಳಾರಿ ಟಸ್ಕರ್ಸ್ 2019ರ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಫೈನಲ್ ತಲುಪಿತ್ತು. ಅದರ ಬದಲು 2022ರಲ್ಲಿ ಆರಂಭವಾದ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಬಳ್ಳಾರಿಯ ಹೆಸರೇ ಇಲ್ಲ. ವೃತ್ತಿಪರ ತಂಡಗಳು ಬರುತ್ತವೆ, ಹೋಗುತ್ತವೆ. ಮಕ್ಕಳ ಪಿಚ್ ಅವುಗಳನ್ನು ನೆಚ್ಚಿಕೊಂಡು ಕೂರಬಾರದು. ಇನ್ನು ಹಣದ ಮೂಲ: ಜಿಲ್ಲಾ ಖನಿಜ ಪ್ರತಿಷ್ಠಾನಗಳ ಬಳಕೆಗೆ ಕೇಂದ್ರ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಶಿಕ್ಷಣದ ಅಡಿಯಲ್ಲೇ ಕ್ರೀಡಾ ಸೌಕರ್ಯವನ್ನೂ ಸೇರಿಸಲಾಗಿತ್ತು. ಬಳ್ಳಾರಿ ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಯ ಜಿಲ್ಲೆಯಾದ್ದರಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಪ್ರಸ್ತಾವ ಕಳುಹಿಸಬಹುದು.

ಬಿರುಬೇಸಿಗೆಯ ಊರಿನಲ್ಲಿ ಹುಲ್ಲಿಗೆ ನೀರೆಲ್ಲಿ ಎಂದು ಕೇಳಬಹುದು. ಒಂದು ಪಿಚ್‌ನ ಉದ್ದ 20.12 ಮೀಟರ್, ಅಗಲ 3.05 ಮೀಟರ್, ಅಂದರೆ ಸುಮಾರು 61 ಚದರ ಮೀಟರ್. ನಾವು ಬಳ್ಳಾರಿಗೆ ಕೇಳುವ ಮೂರು ಟರ್ಫ್ ಪಿಚ್ ಸೇರಿಸಿದರೂ 185 ಚದರ ಮೀಟರ್ ದಾಟದು, ಇಡೀ ಮೈದಾನಕ್ಕೆ ಹುಲ್ಲು ಬೇಕಿಲ್ಲ. ಪಿಚ್‌ಗೆ ಬೇಕಾದ ಜಿಗುಟು ಎರೆಮಣ್ಣಂತೂ ನಮ್ಮ ಸೀಮೆಯಲ್ಲೇ ಇದೆ.

ಕ್ಲಬ್‌ನವರು ಸಾರ್ವಜನಿಕ ಜಾಗವನ್ನು ತಮ್ಮದಾಗಿಸಿಕೊಂಡಾರು ಎಂಬ ಅನುಮಾನವೂ ಸಹಜ. ಅದಕ್ಕಾಗಿಯೇ ಗುತ್ತಿಗೆಯನ್ನಾಗಲಿ ಬೀಗದ ಕೈಯನ್ನಾಗಲಿ ನಾವು ಕೇಳುತ್ತಿಲ್ಲ. ಬೆಳಿಗ್ಗೆ 6ರಿಂದ 8.30, ಸಂಜೆ 4.30ರಿಂದ 6.30 ಮಕ್ಕಳ ವೇಳೆ ಎಂದು ಆದೇಶ ಹೊರಡಿಸಿ, ವಾರದಲ್ಲಿ ಎರಡು ದಿನ ಹೆಣ್ಣುಮಕ್ಕಳಿಗೇ ಮೀಸಲಿಟ್ಟು, ಪಟ್ಟಿಯನ್ನು ಮೈದಾನದ ಗೇಟಿನಲ್ಲಿ ಬರೆಸಿ. ಕ್ಲಬ್ ಸೇರದ, ಶುಲ್ಕ ಕೊಡಲಾಗದ ಮಗುವಿಗೂ ಆ ವೇಳೆಯಲ್ಲಿ ಪ್ರವೇಶವಿರಲಿ. ಮೇಲ್ವಿಚಾರಣೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದೇ ಆಗಿರಲಿ.

ಬಳ್ಳಾರಿಯ ಒಂದು ಸರ್ಕಾರಿ ಮೈದಾನದಲ್ಲಿ ಮೂರು ಟರ್ಫ್ ಪಿಚ್ ಹಾಗೂ ಒಂದು ರೋಲರ್, ಸಿರುಗುಪ್ಪ ಮತ್ತು ಕುರುಗೋಡಿನಲ್ಲಿ ತಲಾ ಒಂದು ಕಾಂಕ್ರೀಟ್ ತಳದ ಮ್ಯಾಟ್ ಪಿಚ್ ಮತ್ತು ಎರಡೆರಡು ನೆಟ್ಸ್ ಮಂಜೂರು ಮಾಡಬೇಕೆಂದು ಕೋರುತ್ತೇವೆ. ಕಾಮಗಾರಿಗೆ ಸಮಯ ಹಿಡಿಯುತ್ತದೆ ಎಂಬುದು ಗೊತ್ತು. ವೇಳಾಪಟ್ಟಿಯ ಆದೇಶಕ್ಕೆ ಹಣವೂ ಬೇಡ, ಟೆಂಡರೂ ಬೇಡ. ಅದನ್ನು ಈ ಬೇಸಿಗೆ ರಜೆಗೆ ಮುನ್ನವೇ ಹೊರಡಿಸಬೇಕೆಂದು ವಿನಂತಿ.


ತಮ್ಮ ವಿಶ್ವಾಸಿಗಳು