ಗೆದ್ದವನಿಗೂ ಬೇಡವಾದ ಬಹುಮಾನ

ಮಂತ್ರವಾದದ ಪುಸ್ತಕ ಮಕ್ಕಳ ಕೈಗೆ ಯಾಕೆ ಎಂದು ಮಾಷ್ಟ್ರೊಬ್ಬರು ಕೇಳಿದರು. ನೀವು ಅದನ್ನು ಓದಿದ್ದೀರಾ ಮಾರಾಯ್ರೆ? ರೌಲಿಂಗ್ ಅವರ ‘ಹ್ಯಾರಿ ಪಾಟರ್ ಅಂಡ್ ದ ಗಾಬ್ಲೆಟ್ ಆಫ್ ಫೈರ್’ (2000) ಮಂತ್ರಕ್ಕಿಂತ ಹೆಚ್ಚಾಗಿ ಸ್ಪರ್ಧೆಯ ಕತೆ. 17 ತುಂಬದವರಿಗೆ ಪ್ರವೇಶವಿಲ್ಲದ ಪಂದ್ಯಕ್ಕೆ 14ರ ಹುಡುಗನನ್ನು ಯಾರೋ ಮೋಸದಿಂದ ನೂಕುತ್ತಾರೆ. ಹೆಸರು ಬಂದ ಮೇಲೆ ಆಡಲೇಬೇಕು ಎಂದು ದೊಡ್ಡವರೇ ತೀರ್ಪು ಕೊಡುತ್ತಾರೆ! ಕೊನೆಗೆ ಹ್ಯಾರಿ, ಸೆಡ್ರಿಕ್ ಒಟ್ಟಿಗೇ ಕಪ್ ಹಿಡಿಯುತ್ತಾರೆ; ಸೆಡ್ರಿಕ್ ಹೆಣವಾಗಿ ಮರಳುತ್ತಾನೆ. ಬಹುಮಾನದ ಸಾವಿರ ಚಿನ್ನದ ನಾಣ್ಯ ಸತ್ತವನ ಅಪ್ಪ ಅಮ್ಮನಿಗೂ ಬೇಡ, ಹ್ಯಾರಿಗೂ ಬೇಡ.

ಪುಸ್ತಕ ಸ್ವಲ್ಪ ಉದ್ದವಾಯಿತು, ಒಪ್ಪುತ್ತೇನೆ. ಆದರೆ ಕಲೋತ್ಸವದಲ್ಲಿ ಮಗು ಯಕ್ಷಗಾನದ ವೇಷ ಕಳಚುವ ಮೊದಲೇ ‘ಎ ಗ್ರೇಡ್ ಉಂಟಾ?’ ಎಂದು ಕೇಳಿ, ಇಲ್ಲದಿದ್ದರೆ ಅಪೀಲಿಗೆ ಓಡುವವರು ಯಾರು? ನಾವೇ ಅಲ್ಲವಾ? ವಾಚನಾಲಯದ ಕಪಾಟಿನಿಂದ ಈ ಪುಸ್ತಕ ತೆಗೆಯಲು ನಾನಂತೂ ಬಿಡುವವನಲ್ಲ. ಮಾಷ್ಟ್ರು ಮೊದಲು ಕೊಂಡುಹೋಗಲಿ.